ಟ್ರ್ಯಾಪಿಗೆ ಬೀಳುವುದು ಗಂಡು, ಹಣ್ಣು ಕೆಡಿಸುವುದು ಹೆಣ್ಣು

ಮಾವಿನ ತೋಪಿನಲ್ಲಿ ಹಣ್ಣಿನ ನೊಣ (ಊಜಿ) ಹಿಡಿಯಲು ನೇತುಹಾಕಿದ ಟ್ರ್ಯಾಪ್ ಬಿಚ್ಚಿದರೆ ತಳದಲ್ಲಿ ಸತ್ತ ನೊಣಗಳ ರಾಶಿ. 'ಎಲ್ಲಾ ಊಜಿನೇ' ಅಂತ ಸುರಿದುಬಿಡುತ್ತಾರೆ. ಚೆಲ್ಲುವ ಮೊದಲು ಒಂದು ಭೂತಗನ್ನಡಿ ಹಿಡಿಯಬಾರದಾ?

ರೆಕ್ಕೆಯ ಮುಂದಿನ ಅಂಚು ನೋಡಿ. ತುದಿಯವರೆಗೂ ಎಲ್ಲೂ ತುಂಡಾಗದ ಕಂದು ಪಟ್ಟಿ, ಹೊಟ್ಟೆಯ ಮೇಲೆ 'ಟಿ' ಆಕಾರದ ಕಪ್ಪು ಗುರುತು ಇದ್ದರೆ ಅದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಎಂಬ ಜಾತಿ. ಪಟ್ಟಿ ನಡುವೆ ಕಡಿದು, ತುದಿಯಲ್ಲಿ ಬರೀ ಚುಕ್ಕೆ ಇದ್ದರೆ ಮುಖ ನೋಡಬೇಕು. ಎರಡು ಬಿಡಿ ಕಪ್ಪು ಚುಕ್ಕೆಯಿದ್ದರೆ ಅದೇ ಕುಲದ ಜೊನಾಟಾ ಜಾತಿ. ಎರಡೂ ಕೂಡಿ ಅಡ್ಡಗೆರೆಯಾಗಿದ್ದರೆ ಕರೆಕ್ಟಾ. ಬೆನ್ನಿನ ಬಣ್ಣ ಮಾತ್ರ ನಂಬಬೇಡಿ. ಡಾರ್ಸಾಲಿಸ್‌ನ ಬೆನ್ನು ಕಪ್ಪಿನಿಂದ ಕೆಂಗಂದಿನವರೆಗೂ ಇರುತ್ತದೆ. ತಜ್ಞರೂ ಎಡವಿದ್ದುಂಟು. 2003ರಲ್ಲಿ ಕೀನ್ಯಾದಲ್ಲಿ ಸಿಕ್ಕ ನೊಣಕ್ಕೆ 2005ರಲ್ಲಿ ಇನ್ವೇಡೆನ್ಸ್ ಅಂತ ಹೊಸ ಹೆಸರಿಟ್ಟರು. 2015ರಲ್ಲಿ ಅದೂ ಡಾರ್ಸಾಲಿಸ್ಸೇ ಅಂತ ತೀರ್ಮಾನವಾಯಿತು!

ಇನ್ನೂ ಮಜಾ ಏನೆಂದರೆ, ಆ ರಾಶಿಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಗಂಡು. ಹೆಣ್ಣಿನ ಹಿಂದೆ ಮೊಟ್ಟೆ ಚುಚ್ಚುವ ಚೂಪು ಕೊಳವೆ ಇರುತ್ತದೆ, ಇವಕ್ಕಿಲ್ಲ. ಟ್ರ್ಯಾಪಿನ ಮರದ ತುಂಡಿಗೆ ಉಣಿಸಿರುವುದು ಮೀಥೈಲ್ ಯೂಜಿನಾಲ್, ಗಂಡು ನೊಣವನ್ನು ಸೆಳೆಯುವ ರಾಸಾಯನಿಕ. ಬಿಹಾರದ ಪೂಸಾದಲ್ಲಿದ್ದ ಹೌಲೆಟ್ ಎಂಬ ಕೀಟತಜ್ಞ, ಸೊಳ್ಳೆ ಓಡಿಸುವ ಸಿಟ್ರೊನೆಲ್ಲಾ ಎಣ್ಣೆಗೆ ಈ ನೊಣಗಳು ಮುತ್ತುವುದನ್ನು 1912ರಲ್ಲೇ ಬರೆದಿದ್ದ. ಸೆಳೆಯುವುದು ಅದರೊಳಗಿನ ಮೀಥೈಲ್ ಯೂಜಿನಾಲ್ ಅಂತ 1915ರಲ್ಲಿ ತೋರಿಸಿದ. ನಮ್ಮ ತುಳಸಿಯಲ್ಲೂ ಇದಿದೆ. ಗಂಡು ಇದನ್ನು ಸುಮ್ನೆ ಮೂಸಿ ಹೋಗುವುದಿಲ್ಲ, ನೆಕ್ಕಿ ತಿನ್ನುತ್ತದೆ. ಒಳಗೆ ಅದು ಬೇರೆ ರಾಸಾಯನಿಕಗಳಾಗಿ ಬದಲಾಗಿ, ಗುದದ ಬಳಿಯ ಗ್ರಂಥಿಯಲ್ಲಿ ಸೇರುತ್ತದೆ. ಮುಸ್ಸಂಜೆ ಅದನ್ನೇ ಗಾಳಿಗೆ ಬಿಡುತ್ತದೆ, ಮದುವೆಗೆ ಹೊರಟವರು ಅತ್ತರು ಪೂಸಿಕೊಂಡ ಹಾಗೆ. ಹೆಣ್ಣು ಆ ವಾಸನೆ ಹಿಡಿದು ಬರುತ್ತದೆ.

'ಮಳೆ ಬಿದ್ದರೆ ಹಣ್ಣಲ್ಲಿ ಹುಳ ತಾನಾಗೇ ಹುಟ್ಟುತ್ತೆ' ಅನ್ನುವವರು ಇನ್ನೂ ಇದ್ದಾರೆ. ತಾನಾಗಿ ಏನೂ ಹುಟ್ಟಲ್ಲ. ಕೂಡಿ ಮುಗಿಸಿದ ಹೆಣ್ಣು ಸಿಪ್ಪೆಯ ಕೆಳಗೆ ಮೊಟ್ಟೆ ಇಟ್ಟಿರುತ್ತದೆ. ಅದನ್ನು ಈ ಟ್ರ್ಯಾಪ್ ಹಿಡಿಯುವುದಿಲ್ಲ. ಅದಕ್ಕೇ ಕಾಯಿ ಬಲಿಯುವ ಮೊದಲೇ ಟ್ರ್ಯಾಪ್ ಕಟ್ಟಬೇಕು, ಉದುರಿದ ಹಣ್ಣು ಆರಿಸಿ ಹೂಳಬೇಕು.

ಇದೇ ಟ್ರ್ಯಾಪನ್ನು ಹೀರೆ, ಹಾಗಲದ ಚಪ್ಪರಕ್ಕೆ ಕಟ್ಟಿ 'ನೊಣವೇ ಇಲ್ಲ' ಅಂತ ಖುಷಿಪಡುವವರೂ ಇದ್ದಾರೆ. ಬಳ್ಳಿ ತರಕಾರಿಯ ನೊಣ ಬೇರೆ. ಅದರ ಬೆನ್ನ ಮೇಲೆ ಡಾರ್ಸಾಲಿಸ್‌ನ ಹಾಗೆ ಎರಡಲ್ಲ, ಮೂರು ಹಳದಿ ಗೆರೆ. ಮೀಥೈಲ್ ಯೂಜಿನಾಲ್‌ಗೆ ಅದು ತಿರುಗಿಯೂ ನೋಡಲ್ಲ. ಅದಕ್ಕೆ ಕ್ಯೂಲೂರ್ ಎಂಬ ಬೇರೆ ಸೆಳೆವ ರಾಸಾಯನಿಕ ಬೇಕು.