ಡೆತ್ ವ್ಯಾಲಿಯನ್ನು ಕಾರಿನಲ್ಲೇ ಕೂತು ನೋಡಬಹುದೇ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಮೆರಿಕದ ಮಗಳ ಮನೆಗೆ ಹೊರಟಿದ್ದೇವೆ. ಲಾಸ್ ವೇಗಸ್‌ನಿಂದ ಒಂದು ದಿನ ಡೆತ್ ವ್ಯಾಲಿ ಎಂಬ ಮರುಭೂಮಿ ಕಣಿವೆಗೆ ಕರೆದುಕೊಂಡು ಹೋಗ್ತಾಳಂತೆ. ನಮ್ಮ ಮನೆಯವರಿಗೆ ಮಂಡಿನೋವು, ಹೆಚ್ಚು ನಡೆಯಲಾರರು. ಹೋಗಿ ಪ್ರಯೋಜನವಿದೆಯೇ? (ಓದುಗರೊಬ್ಬರು, ಮಂಡ್ಯ)

ಧಾರಾಳವಾಗಿ ಹೋಗಿ. ಮರಳದಿಬ್ಬ, ಕಮರಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಬೇಡಿ, ಅಷ್ಟೇ. ಮೂರು ಜಾಗ ಸಾಕು.

ಮೊದಲು ಡಾಂಟೆಸ್ ವ್ಯೂ. ಕಾರು ಬೆಟ್ಟದ ನೆತ್ತಿಯವರೆಗೂ ಹೋಗುತ್ತದೆ. ಚಾಮುಂಡಿ ಬೆಟ್ಟದ ಮೇಲಿಂದ ನೋಡಿದರೆ ಮೈಸೂರು ಸುಮಾರು 300 ಮೀಟರ್ ಕೆಳಗಿದೆ. ಇಲ್ಲಿ ಕಣಿವೆಯ ತಳ 1,700 ಮೀಟರಿಗೂ ಹೆಚ್ಚು ಕೆಳಗೆ! ಅಲ್ಲಿ ಬೆಳ್ಳಗೆ ಹರಡಿರುವುದು ಉಪ್ಪು. ಗಾಳಿ ಕೊರೆಯುತ್ತದೆ, ಸ್ವೆಟರ್ ಇರಲಿ.

ಆಮೇಲೆ ಆ ಉಪ್ಪಿನ ಬಯಲಿಗೇ ಇಳಿಯಿರಿ. ಅದು ಬ್ಯಾಡ್‌ವಾಟರ್, ಸಮುದ್ರಮಟ್ಟಕ್ಕಿಂತ 86 ಮೀಟರ್ ತಗ್ಗು. ಕಾರು ನಿಲ್ಲಿಸಿದಲ್ಲಿಂದಲೇ ಹಿಂದಿನ ಬೆಟ್ಟ ನೋಡಿ. ಬಂಡೆಯ ಮೇಲೆ, ಎಲ್ಲೋ ಎತ್ತರದಲ್ಲಿ, ಸಮುದ್ರಮಟ್ಟ ಇಲ್ಲಿದೆ ಎಂದು ತೋರಿಸುವ ಪುಟ್ಟ ಫಲಕವಿದೆ. ಅಷ್ಟೆತ್ತರದ ನೀರಿನಡಿ ನಿಂತಿದ್ದೇನೆ ಅನ್ನಿಸಿ ನನಗೆ ಮೈ ಜುಮ್ಮೆಂದಿತ್ತು.

ನಿಮ್ಮ ಯಜಮಾನರಿಗೆಂದೇ ಮಾಡಿದಂತಿರುವುದು ಆರ್ಟಿಸ್ಟ್ಸ್ ಡ್ರೈವ್. ಬ್ಯಾಡ್‌ವಾಟರಿನಿಂದ ವಾಪಸ್ ಬರುವಾಗ ಬಲಕ್ಕೆ ಸಿಗುವ, ಸುಮಾರು 14 ಕಿಲೋಮೀಟರಿನ ಏಕಮುಖ ರಸ್ತೆ. ಎದುರಿಗೆ ಗಾಡಿ ಬರುವುದಿಲ್ಲವಾದ್ದರಿಂದ ನಿಧಾನವಾಗಿ ಹೋಗಬಹುದು. ಹಿಂದಿನವರಿಗೆ ಅವಸರವಿದ್ದರೆ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡಿ. ರಸ್ತೆ ಹಳ್ಳಕ್ಕೆ ಧುಮುಕಿ ಮತ್ತೆ ಮೇಲೇಳುತ್ತದೆ, ಹೊಟ್ಟೆಯಲ್ಲಿ ಕಚಗುಳಿ. ಅರ್ಧ ದಾರಿಯ ಮೇಲೆ ಬೆಟ್ಟಕ್ಕೆ ಯಾರೋ ಬಣ್ಣ ಎರಚಿದಂತೆ ಕಾಣುತ್ತದೆ. ಒಂದು ಪಟ್ಟಿ ಅಚ್ಚಿನಿಂದ ಆಗಷ್ಟೇ ತೆಗೆದ ಬೆಲ್ಲದ ಬಣ್ಣ, ಪಕ್ಕದಲ್ಲೇ ಗುಲಾಬಿ, ನಡುವೆ ಪಾಚಿಹಸಿರು. ಕೆಂಪು, ಹಳದಿಯೆಲ್ಲ ಕಬ್ಬಿಣದ ಅಂಶ ತುಕ್ಕು ಹಿಡಿದದ್ದು. ಹಸಿರು, ಹಳೆಯ ಜ್ವಾಲಾಮುಖಿಯ ಬೂದಿಯಲ್ಲಿನ ಖನಿಜಗಳು ಮಾರ್ಪಟ್ಟು ಬಂದದ್ದು. ಇದನ್ನು ನೋಡಲು ಕಾರಿನ ಕಿಟಕಿ ಸಾಕು.

ಹೊತ್ತು ಮಾತ್ರ ತಪ್ಪಿಸಬೇಡಿ. ಈ ಬೆಟ್ಟಗಳ ಮುಖ ಪಶ್ಚಿಮಕ್ಕೆ, ಹಾಗಾಗಿ ಇಳಿಬಿಸಿಲಿನಲ್ಲೇ ಬಣ್ಣ ಏಳುವುದು. ಆದರೆ ಡಿಸೆಂಬರ್‌ನಲ್ಲಿ ನಾಲ್ಕೂವರೆ ಸುಮಾರಿಗೇ ಸೂರ್ಯಾಸ್ತ, ಎದುರಿನ ಪರ್ವತಸಾಲಿನ ನೆರಳು ಅದಕ್ಕೂ ಮೊದಲೇ ಬೀಳುತ್ತದೆ. ಎರಡೂವರೆ, ಮೂರರೊಳಗೆ ಅಲ್ಲಿರಿ.

ಮೊಬೈಲ್ ಸಿಗ್ನಲ್ ಬಹುತೇಕ ಕಡೆ ಸಿಗುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಲು ಮಗಳಿಗೆ ಹೇಳಿ. ಪೆಟ್ರೋಲ್ ಹೊರಗೇ ತುಂಬಿಸಿ, ನೀರು ಹೆಚ್ಚೇ ಇರಲಿ. ಪ್ರಯಾಣ ಅಲ್ಲಿನ ಬೇಸಿಗೆಗೆ ಮುಂದಕ್ಕೆ ಹೋದರೆ ಮಾತ್ರ ಈ ಯೋಜನೆ ಕೈಬಿಡಿ. 1913ರ ಜುಲೈನಲ್ಲಿ ಇಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ.