ಬಿಸಿ ಎಲ್ಲಿ ಸೇರುತ್ತಿದೆ ಎಂದು ನೋಡಿ, ಕಾರಣ ಗೊತ್ತಾಗುತ್ತದೆ

ಹವಾಮಾನದ ಬಗ್ಗೆ ಎಲ್ಲೇ ಮಾತಾಡಿದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಭೂಮಿಯ ಹವಾಮಾನ ಮೊದಲಿಂದಲೂ ಬದಲಾಗುತ್ತಲೇ ಇದೆ ಅಲ್ವಾ? ಹಿಮಯುಗ ಬಂತು, ಹೋಯ್ತು. ಆಗ ಕಾರ್ಖಾನೆ ಎಲ್ಲಿತ್ತು? ಈಗ ಮಾತ್ರ ಮನುಷ್ಯನ ತಲೆಗೆ ಯಾಕೆ ಕಟ್ಟುತ್ತೀರಿ?" ಇದು ಒಳ್ಳೆಯ ಪ್ರಶ್ನೆ, ಸರಿಯಾಗಿ ಉತ್ತರಿಸಬೇಕಾದ ಪ್ರಶ್ನೆ. ಹವಾಮಾನವನ್ನು ಬದಲಿಸುವ ಒಂದೊಂದು ಕಾರಣವೂ ತನ್ನದೇ ಗುರುತು ಬಿಟ್ಟಿರುತ್ತದೆ. ಬಿಸಿ ಯಾವ ಪದರದಲ್ಲಿ ಸೇರಿತು, ಯಾವ ಪದರದಲ್ಲಿ ಕಡಿಮೆಯಾಯಿತು, ಎಷ್ಟು ಬೇಗ ಏರಿತು ಎಂದು ಹುಡುಕಿದರೆ ಕಾರಣ ಸಿಕ್ಕಿಬೀಳುತ್ತದೆ. ಹವಾಮಾನ ವಿಜ್ಞಾನಿಗಳಾದ ನಮ್ಮ ವೃತ್ತಿಯ ಬಹುಪಾಲು ಈ ಹುಡುಕಾಟವೇ.

ಮೊದಲು ಜಮಾ-ಖರ್ಚು ನೋಡೋಣ. ಇಡೀ ಗೋಳಕ್ಕೆ, ಹಗಲು ರಾತ್ರಿ ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ, ವಾತಾವರಣದ ಮೇಲ್ತುದಿಗೆ ಸೂರ್ಯನಿಂದ ಪ್ರತಿ ಚದರ ಮೀಟರಿಗೆ ಸುಮಾರು 340 ವ್ಯಾಟ್ ಬರುತ್ತದೆ. ಅದರಲ್ಲಿ ಹೆಚ್ಚುಕಡಿಮೆ 100 ವ್ಯಾಟ್ ಮೋಡ, ಹಿಮ, ಮರಳು ಇವಕ್ಕೆಲ್ಲ ಬಡಿದು ಹಾಗೇ ವಾಪಸ್ ಹೋಗುತ್ತದೆ. ಉಳಿದ 240 ವ್ಯಾಟನ್ನು ಭೂಮಿ ಹೀರಿಕೊಳ್ಳುತ್ತದೆ. ಅಷ್ಟನ್ನೇ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಬಾಹ್ಯಾಕಾಶಕ್ಕೆ ಬಿಟ್ಟರೆ ಲೆಕ್ಕ ಸಮ, ಉಷ್ಣತೆ ನಿಂತಲ್ಲೇ ನಿಲ್ಲುತ್ತದೆ. ಹಾಗಾಗಿ ಹವಾಮಾನ ಬಹುಕಾಲಕ್ಕೆ ಬದಲಾಗಬೇಕಾದರೆ ಬರುವ ಬಿಸಿಲು ಬದಲಾಗಬೇಕು, ಇಲ್ಲವೇ ವಾಪಸ್ ಹೋಗುವ ಬೆಳಕು, ಇಲ್ಲವೇ ಹೊರಗೆ ಹೋಗುವ ಶಾಖ ಬದಲಾಗಬೇಕು. ನಾಲ್ಕನೇ ದಾರಿ ಇಲ್ಲ.

ಬಿಸಿಲು ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಸಮಭಾಜಕದ ಸುತ್ತಮುತ್ತ ಹೋಗುವುದಕ್ಕಿಂತ ಬರುವುದು ಜಾಸ್ತಿ. ಧ್ರುವಗಳ ಕಡೆ ಬರುವುದಕ್ಕಿಂತ ಹೋಗುವುದು ಜಾಸ್ತಿ. ಈ ಏರುಪೇರನ್ನು ಸರಿದೂಗಿಸಲು ಗಾಳಿ ಮತ್ತು ಸಮುದ್ರ ಹಗಲೂ ರಾತ್ರಿ ದುಡಿಯುತ್ತವೆ. ಸಮಭಾಜಕದ ಬಳಿ ತೇವ ತುಂಬಿದ ಬಿಸಿ ಗಾಳಿ ಮೇಲೇರುತ್ತದೆ, ಅಲ್ಲೇ ಮಳೆ ಸುರಿಸಿ ಒಣಗುತ್ತದೆ, ಧ್ರುವಗಳ ಕಡೆ ಸಾಗಿ ಸುಮಾರು 30 ಡಿಗ್ರಿ ಅಕ್ಷಾಂಶದ ಹತ್ತಿರ ಕೆಳಗಿಳಿಯುತ್ತದೆ. ಸಹಾರಾ, ಅರೇಬಿಯಾ, ಆಸ್ಟ್ರೇಲಿಯಾದ ಮರುಭೂಮಿಗಳು ಆ ಒಣ ಗಾಳಿ ಇಳಿಯುವ ಪಟ್ಟಿಯಲ್ಲೇ ಇವೆ. ಅಲ್ಲಿಂದಾಚೆಗೆ ಬಿಸಿಯನ್ನು ಧ್ರುವಗಳ ಕಡೆ ಹೊತ್ತೊಯ್ಯುವುದು ಮಧ್ಯ ಅಕ್ಷಾಂಶದ ಬಿರುಗಾಳಿಗಳು.

ಈ ಸಾಗಾಟದಲ್ಲಿ ನೀರಾವಿಯ ಪಾಲು ಬಹಳ ದೊಡ್ಡದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,200 ಜೂಲ್ ಸಾಕು. ಅದೇ ನೀರನ್ನು ಆವಿ ಮಾಡಲು ಸುಮಾರು 25 ಲಕ್ಷ ಜೂಲ್ ಬೇಕು. ಸಮುದ್ರದಿಂದ ಎದ್ದ ಆವಿ ಆ ಶಾಖವನ್ನು ಒಳಗೇ ಇಟ್ಟುಕೊಂಡು ಸಾವಿರಾರು ಕಿಲೋಮೀಟರ್ ಹೋಗುತ್ತದೆ, ಮೋಡ ಕಟ್ಟುವ ಜಾಗದಲ್ಲಿ ಪೂರ್ತಿ ಬಿಟ್ಟುಕೊಡುತ್ತದೆ. ಚಂಡಮಾರುತಗಳಿಗೆ ಬಲ ಬರುವುದು ಇದರಿಂದಲೇ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ಆವಿ ಸುಮಾರು 7% ಏರುತ್ತದೆ. ಈಗೀಗ ಮಳೆ ಸುರಿದರೆ ಒಮ್ಮೆಲೇ ಸುರಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಇನ್ನು ಸಹಜ ಕಾರಣಗಳು. ಹಿಮಯುಗಗಳ ತಾಳ ಹಾಕುವುದು ಭೂಮಿಯ ಕಕ್ಷೆ. ಕಕ್ಷೆಯ ಆಕಾರ ಸುಮಾರು 1 ಲಕ್ಷ ವರ್ಷಕ್ಕೊಮ್ಮೆ, ಅಕ್ಷದ ವಾಲಿಕೆ ಸುಮಾರು 41,000 ವರ್ಷಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ. ಅಕ್ಷ ನಿಧಾನವಾಗಿ ಸುತ್ತು ಹೊಡೆಯುವುದೂ ಇದೆ. ಇದನ್ನೆಲ್ಲ ಕಳೆದ ಶತಮಾನದ ಮೊದಲ ಭಾಗದಲ್ಲಿ ಸರ್ಬಿಯಾದ ಮಿಲುಟಿನ್ ಮಿಲಾಂಕೋವಿಚ್ ಕೈಯಲ್ಲೇ ಲೆಕ್ಕ ಹಾಕಿದರು. ಉತ್ತರದ ಬೇಸಿಗೆಯಲ್ಲಿ ಬಿಸಿಲು ಜಾಸ್ತಿಯಾದಾಗ ಹಿಮ ಕರಗಲು ಶುರುವಾಗುತ್ತದೆ, ಸಮುದ್ರ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಅದು ಹೊರಗೆ ಹೋಗುವ ಶಾಖವನ್ನು ತಡೆದು ಬಿಸಿಯನ್ನು ಇನ್ನಷ್ಟು ಏರಿಸುತ್ತದೆ. ಕಳೆದ ಹಿಮಯುಗದಿಂದ ಹೊರಬರುವಾಗ ಭೂಮಿ 5 ಡಿಗ್ರಿ ಆಸುಪಾಸು ಬಿಸಿಯಾಯಿತು. ಅದಕ್ಕೆ ಹಿಡಿದದ್ದು ಹತ್ತು ಸಾವಿರ ವರ್ಷದ ಲೆಕ್ಕದ ಕಾಲ. ಇಲ್ಲಿ ಜನ ಗಮನಿಸದ ಸಂಗತಿ ಒಂದಿದೆ: ಕಳೆದ ಕೆಲವು ಸಾವಿರ ವರ್ಷಗಳಿಂದ ಉತ್ತರದ ಬೇಸಿಗೆ ಬಿಸಿಲು ನಿಧಾನಕ್ಕೆ ಇಳಿಯುತ್ತಿದೆ. ಕಕ್ಷೆಯೊಂದೇ ಕಾರಣವಾಗಿದ್ದರೆ ನಾವೀಗ ಬಲು ನಿಧಾನವಾಗಿ ತಣ್ಣಗಾಗುತ್ತಿರಬೇಕಿತ್ತು.

ಜ್ವಾಲಾಮುಖಿ? ದೊಡ್ಡದೊಂದು ಸಿಡಿದರೆ ಭೂಮಿ ಸಾಮಾನ್ಯವಾಗಿ ತಣ್ಣಗಾಗುತ್ತದೆ. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಸಿಡಿದಾಗ ಒಂದೂವರೆ ಕೋಟಿ ಟನ್‌ನಷ್ಟು ಗಂಧಕದ ಡೈಆಕ್ಸೈಡ್ ಮೇಲಕ್ಕೆ ಹೋಯಿತು. ಅದರಿಂದಾದ ಹನಿಗಳು ಬಿಸಿಲನ್ನು ತಡೆದು ಜಗತ್ತನ್ನು ಸುಮಾರು ಅರ್ಧ ಡಿಗ್ರಿ ತಂಪು ಮಾಡಿದವು. ಒಂದೆರಡು ವರ್ಷದಲ್ಲಿ ಎಲ್ಲ ಉದುರಿಹೋಯಿತು. ಕಾರ್ಬನ್ ಡೈಆಕ್ಸೈಡನ್ನೂ ಜ್ವಾಲಾಮುಖಿಗಳು ಉಗುಳುತ್ತವೆ ನಿಜ. ಆದರೆ ಜಗತ್ತಿನ ಎಲ್ಲ ಜ್ವಾಲಾಮುಖಿಗಳ ವರ್ಷದ ಲೆಕ್ಕ ಸೇರಿಸಿದರೂ ಮನುಷ್ಯ ಬಿಡುವುದರ ನೂರರಲ್ಲಿ ಎರಡು ಪಾಲೂ ಆಗುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಮುದ್ರದ ಮೇಲ್ಮೈ ಬಿಸಿಯಾಗುವ ಎಲ್ ನಿನೊ ಹೊಸ ಬಿಸಿ ತರುವುದಿಲ್ಲ, ಸಮುದ್ರದಲ್ಲಿ ಇದ್ದದ್ದನ್ನು ಮೇಲಕ್ಕೆ ಹರಡುತ್ತದೆ, ಅಷ್ಟೇ.

ಉಳಿದದ್ದು ಸೂರ್ಯ. ಉಪಗ್ರಹಗಳು 1978ರಿಂದ ಸೂರ್ಯನ ಶಕ್ತಿಯನ್ನು ಅಳೆಯುತ್ತಿವೆ. 11 ವರ್ಷದ ಚಕ್ರದಲ್ಲಿ ಅದು ಸುಮಾರು 0.1% ಏರಿಳಿಯುತ್ತದೆ. ಇಷ್ಟು ವರ್ಷಗಳಲ್ಲಿ ಒಟ್ಟಾರೆ ಏರಿಕೆ ಕಂಡಿಲ್ಲ. ಆದರೆ ನನ್ನನ್ನು ಹೆಚ್ಚು ಒಪ್ಪಿಸುವ ಸಾಕ್ಷಿ ಬೇರೆ ಇದೆ, ಅದು ನಮ್ಮ ತಲೆಯ ಮೇಲೆಯೇ ಇದೆ. ಮೋಡ, ಮಳೆ ಎಲ್ಲ ಇರುವ ಪದರದ ಮೇಲೆ ಸ್ಟ್ರಾಟೋಸ್ಫಿಯರ್ ಇದೆ. ಸೂರ್ಯನೇ ಜೋರಾಗಿದ್ದರೆ ಎರಡೂ ಪದರ ಬಿಸಿಯಾಗಬೇಕು. ಕಾರ್ಬನ್ ಡೈಆಕ್ಸೈಡಿನಂಥ ಶಾಖ ತಡೆಯುವ ಹಸಿರುಮನೆ ಅನಿಲ ಕಾರಣವಾದರೆ ಕೆಳಗೆ ಬಿಸಿ, ಮೇಲೆ ತಂಪು. ಏಕೆಂದರೆ ಆ ತೆಳು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಿದಷ್ಟೂ ಅಲ್ಲಿಯ ಶಾಖ ಸುಲಭವಾಗಿ ಹೊರಗೆ ಸೋರಿಹೋಗುತ್ತದೆ. ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ 1967ರಲ್ಲೇ ಇದನ್ನು ಲೆಕ್ಕ ಹಾಕಿ ಹೇಳಿದ್ದರು. ಆಗ ಉಪಗ್ರಹದಿಂದ ಇದನ್ನು ವರ್ಷಾನುಗಟ್ಟಲೆ ಅಳೆದ ದಾಖಲೆ ಇರಲಿಲ್ಲ. ಆಮೇಲೆ ಅಳೆದಾಗ ಕಂಡದ್ದು ಅದೇ: ಕೆಳಗಿನ ಪದರ ಬಿಸಿಯಾಗಿದೆ, ಮೇಲಿನದು ತಣ್ಣಗಾಗಿದೆ. ಬಿಸಿಲು ಹೀರಿ ಆ ಪದರವನ್ನು ಬಿಸಿ ಮಾಡುವ ಓಝೋನ್ ಕಡಿಮೆಯಾದದ್ದೂ ಈ ತಂಪಿಗೆ ಸೇರಿದೆ. ಆದರೂ ಸೂರ್ಯನನ್ನು ದೂರಲು ಇಲ್ಲಿ ಜಾಗವೇ ಇಲ್ಲ.

ಗಾಳಿಯಲ್ಲಿ ಹೆಚ್ಚಿದ ಆ ಕಾರ್ಬನ್ ಡೈಆಕ್ಸೈಡ್ ನಮ್ಮದೇ ಎಂದು ಹೇಗೆ ಗೊತ್ತು? ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳು 8 ಲಕ್ಷ ವರ್ಷದ ದಾಖಲೆ ಕೊಡುತ್ತವೆ. ಅಷ್ಟು ಕಾಲದಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 300 ಭಾಗದ ಆಸುಪಾಸಿಗಿಂತ ಮೇಲೆ ಹೋಗಿರಲಿಲ್ಲ. ಕೈಗಾರಿಕೆ ಶುರುವಾಗುವ ಮೊದಲು 280 ಇತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ತೊಡಗಿದಾಗ ಸುಮಾರು 315. 2024ರಲ್ಲಿ 420 ದಾಟಿತ್ತು. ಇನ್ನೊಂದು ಗುರುತೂ ಇದೆ. ಜೀವಂತ ಗಿಡದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ರೂಪ ಚೂರು ಇದ್ದೇ ಇರುತ್ತದೆ. ಅದು 5,730 ವರ್ಷಕ್ಕೆ ಅರ್ಧವಾಗುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು, ಎಣ್ಣೆಯಲ್ಲಿ ಅದು ಉಳಿದೇ ಇಲ್ಲ. ಅವನ್ನು ಸುಟ್ಟಾಗ ಗಾಳಿಯ ಇಂಗಾಲದಲ್ಲಿ ಇಂಗಾಲ-14ರ ಪಾಲು ತೆಳುವಾಗುತ್ತದೆ. ಹ್ಯಾನ್ಸ್ ಸ್ಯೂಸ್ 1950ರ ದಶಕದಲ್ಲಿ ಮರದ ಉಂಗುರಗಳಲ್ಲಿ ಇದನ್ನು ಗುರುತಿಸಿದರು.

ಈಗ ಸೇರುತ್ತಿರುವ ಹೆಚ್ಚುವರಿ ಬಿಸಿಯಲ್ಲಿ ಗಾಳಿಯ ಪಾಲು ಬಹಳ ಕಡಿಮೆ. ನೂರರಲ್ಲಿ ತೊಂಬತ್ತು ಸಮುದ್ರಕ್ಕೆ ಹೋಗುತ್ತದೆ. ಅದನ್ನು ಅಳೆಯುವುದು ಆರ್ಗೊ ಎಂಬ ತೇಲುಯಂತ್ರಗಳು. ಸುಮಾರು ನಾಲ್ಕು ಸಾವಿರ ಯಂತ್ರಗಳು ಜಗತ್ತಿನ ಸಮುದ್ರಗಳಲ್ಲಿ ಹರಡಿವೆ. ಹೆಚ್ಚಿನವು ಒಂದು ಕಿಲೋಮೀಟರ್ ಆಳದಲ್ಲಿ ತೇಲುತ್ತಾ ಇರುತ್ತವೆ. ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳಕ್ಕೆ ಇಳಿದು, ಮೇಲೇರುತ್ತಾ ಉಷ್ಣತೆ, ಉಪ್ಪಿನಂಶ ದಾಖಲಿಸುತ್ತವೆ. ಮೇಲೆ ಬಂದು ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತವೆ. ಹಾಳೆಯ ಮೇಲೆ ಒಂದು ವರ್ಷದ ಗೆರೆ ಮೇಲೆ ಇನ್ನೊಂದು ವರ್ಷದ ಗೆರೆ ಇಟ್ಟು ನೋಡುವಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಗಾಳಿಯ ಉಷ್ಣತೆ ವರ್ಷದಿಂದ ವರ್ಷಕ್ಕೆ ಕುಣಿಯುತ್ತದೆ. ಸಮುದ್ರದ ಗೆರೆ ಹೆಚ್ಚೇನೂ ಕುಣಿಯದೆ ಏರುತ್ತಲೇ ಇದೆ.

ನಮ್ಮ ಹೊಗೆಯ ಇನ್ನೊಂದು ಮುಖವನ್ನೂ ಹೇಳಬೇಕು. ಕಲ್ಲಿದ್ದಲಿನಿಂದ ಬರುವ ಗಂಧಕದ ಕಣಗಳು ಬಿಸಿಲನ್ನು ವಾಪಸ್ ಕಳಿಸಿ ಸ್ವಲ್ಪ ತಂಪು ಮಾಡುತ್ತವೆ. ಅಂದರೆ ಇಲ್ಲಿಯವರೆಗಿನ ಬಿಸಿಯಲ್ಲಿ ಒಂದಷ್ಟನ್ನು ನಮ್ಮ ಕೊಳಕು ಗಾಳಿಯೇ ಮುಚ್ಚಿಟ್ಟಿದೆ. ಉಸಿರಾಟಕ್ಕಾಗಿ ಗಾಳಿಯನ್ನು ಶುದ್ಧ ಮಾಡಲೇಬೇಕು. ಮಾಡಿದಾಗ ಮುಚ್ಚಿದ್ದು ಹೊರಬರುತ್ತದೆ. ಇದೆಲ್ಲ ಕೂಡಿ ಕಳೆದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಹೇಳಿದ್ದು ಇದು: 19ನೇ ಶತಮಾನದ ಎರಡನೇ ಅರ್ಧಕ್ಕೆ ಹೋಲಿಸಿದರೆ 2010ರಿಂದ 2019ರ ಹೊತ್ತಿಗೆ ಮನುಷ್ಯನಿಂದ ಆದ ಏರಿಕೆ ಸುಮಾರು 1.07 ಡಿಗ್ರಿ. ಸೂರ್ಯ ಮತ್ತು ಜ್ವಾಲಾಮುಖಿಗಳ ಪಾಲು ಹೆಚ್ಚೆಂದರೆ 0.1 ಡಿಗ್ರಿ ಆಚೀಚೆ.

ಮೇಲಿಂದ ಉಪಗ್ರಹ ಬರುವ, ಹೋಗುವ ಬಿಸಿಯ ವ್ಯತ್ಯಾಸ ಅಳೆಯುತ್ತದೆ. ಕೆಳಗಿಂದ ತೇಲುಯಂತ್ರಗಳು ಸಮುದ್ರದಲ್ಲಿ ಸೇರಿದ್ದನ್ನು ಅಳೆಯುತ್ತವೆ. ಎರಡೂ ಬೇರೆ ಬೇರೆ ಉಪಕರಣ, ಬೇರೆ ಬೇರೆ ತಂಡ. ಎರಡೂ ಹೇಳುವುದು ಒಂದೇ: 2005ರಿಂದ 2019ರ ನಡುವೆ ಈ ವ್ಯತ್ಯಾಸ ಸರಿಸುಮಾರು ದುಪ್ಪಟ್ಟಾಗಿ, ಚದರ ಮೀಟರಿಗೆ ಒಂದು ವ್ಯಾಟ್ ಆಸುಪಾಸಿಗೆ ಬಂದಿದೆ. ಒಂದು ವ್ಯಾಟ್ ಎಂದರೆ ಚಿಕ್ಕದು ಅನ್ನಿಸಬಹುದು. ಭೂಮಿಯ 51 ಕೋಟಿ ಚದರ ಕಿಲೋಮೀಟರಿಗೆ ಗುಣಿಸಿ ನೋಡಿ. ಇಡೀ ಮನುಷ್ಯಕುಲ ಎಲ್ಲ ಮೂಲಗಳಿಂದ ಬಳಸುವ ಶಕ್ತಿಯ ಇಪ್ಪತ್ತು ಪಟ್ಟಿಗೂ ಜಾಸ್ತಿ ಬಿಸಿ ಪ್ರತಿ ಕ್ಷಣ ಒಳಗೆ ಉಳಿಯುತ್ತಿದೆ, ಬಹುಪಾಲು ಸಮುದ್ರದೊಳಕ್ಕೆ ಇಳಿಯುತ್ತಿದೆ.