ಜಾಸ್ತಿ ಕಟ್ಟಿದ ಪಿಎಫ್ ವಾಪಸ್ ಕೊಡಿ ಅಂದರೆ?

"ನಿಮ್ಮ ಪಿಎಫ್ ಖಾತೆಗೆ ತಪ್ಪಾಗಿ 28,080 ರೂಪಾಯಿ ಜಾಸ್ತಿ ಜಮೆಯಾಗಿದೆ. ಫೈನಲ್ ಸೆಟಲ್‌ಮೆಂಟ್‌ನಲ್ಲಿ ಹಿಡಿದುಕೊಳ್ಳುತ್ತೇವೆ." ಕೆಲಸ ಬಿಡುವ ಹೊತ್ತಿಗೆ ಎಚ್‌ಆರ್‌ನಿಂದ ಇಂಥ ಮೇಲ್ ಬಂದರೆ ಹೆಚ್ಚಿನವರು ಸುಮ್ನೆ ಒಪ್ಪಿಬಿಡುತ್ತಾರೆ. ರಿಲೀವಿಂಗ್ ಲೆಟರ್ ಕೈಗೆ ಸಿಕ್ಕರೆ ಸಾಕು ಅನ್ನುವ ಅವಸರ. ಒಪ್ಪುವ ಮೊದಲು ಲೆಕ್ಕ ಬಿಡಿಸಿ ನೋಡಿ.

ನಿಮ್ಮ ಬೇಸಿಕ್, ಅಂದರೆ ಮೂಲ ವೇತನ, ತಿಂಗಳಿಗೆ 28,000 ಅಂದುಕೊಳ್ಳೋಣ. ಕಂಪನಿ ಪಿಎಫ್ ಲೆಕ್ಕದ 15,000ದ ಸಂಬಳ ಮಿತಿಗೆ ಮಾತ್ರ ಶೇ 12ರಂತೆ 1,800 ಕಟ್ಟಬೇಕಿತ್ತು. ಪೇರೋಲ್‌ನಲ್ಲಿ ಯಾರೋ ಏನೋ ತಪ್ಪು ಒತ್ತಿ, ಪೂರ್ತಿ ಬೇಸಿಕ್ ಮೇಲೆ 3,360 ಹೋಯಿತು. ತಿಂಗಳಿಗೆ 1,560 ವ್ಯತ್ಯಾಸ, 18 ತಿಂಗಳಿಗೆ 28,080. ಪಾಸ್‌ಬುಕ್‌ನಲ್ಲಿ ಕಂಪನಿಯ ಈ 3,360 ಒಂದೇ ಕಡೆ ಕಾಣುವುದಿಲ್ಲ. 1,250 ಪಿಂಚಣಿ ಕಾಲಂನಲ್ಲಿ, ಉಳಿದ 2,110 ಮಾಲೀಕರ ಪಾಲಿನ ಕಾಲಂನಲ್ಲಿ ಇರುತ್ತದೆ. ಪಕ್ಕದ ಕಾಲಂನ 3,360 ನಿಮ್ಮ ಸಂಬಳದಿಂದಲೇ ಕಡಿತವಾದದ್ದು. ಎರಡೂ ಪಾಲು ಸೇರಿಸಿ 56,160 ಕೇಳಿದರೆ, ನಿಮ್ಮ ದುಡ್ಡನ್ನೇ ನಿಮ್ಮಿಂದ ಮತ್ತೆ ಕೇಳಿದ ಹಾಗೆ.

ಇನ್ನು ಸಿಟಿಸಿ, ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ವೆಚ್ಚದ ವಿಷಯ. ಕಂಪನಿಯ ಪಾಲಿನ ಪಿಎಫ್ ಸಾಮಾನ್ಯವಾಗಿ ಸಿಟಿಸಿಯೊಳಗೇ ಇರುತ್ತದೆ. ಪಿಎಫ್ 1,560 ಏರಿದ ತಿಂಗಳಲ್ಲೇ ಸ್ಪೆಷಲ್ ಅಲೊವೆನ್ಸ್ 1,560 ಇಳಿದಿದೆಯಾ, ಪೇಸ್ಲಿಪ್ ಹಿಡಿದು ನೋಡಿ. ಇಳಿದಿದ್ದರೆ ಕಂಪನಿಯ ಜೇಬಿನಿಂದ ಒಂದು ರೂಪಾಯಿಯೂ ಜಾಸ್ತಿ ಹೋಗಿಲ್ಲ. ನಾನು ಮೊದಲು ಹುಡುಕುವುದೇ ಇದನ್ನು. ಎಷ್ಟೋ ಜಗಳ ಇಲ್ಲೇ ಮುಗಿಯುತ್ತದೆ.

ನಿಜವಾಗಿಯೂ ಜಾಸ್ತಿ ಹೋಗಿದ್ದರೆ? 1952ರ ಪಿಎಫ್ ಯೋಜನೆಯ 31ನೇ ಪ್ಯಾರಾ ನೋಡಿ. ಮಾಲೀಕರು ತಮ್ಮ ಪಾಲನ್ನು ನೌಕರನ ಸಂಬಳದಿಂದ ಕಡಿಯುವಂತಿಲ್ಲ, ಬೇರೆ ದಾರಿಯಿಂದಲೂ ವಸೂಲಿ ಮಾಡುವಂತಿಲ್ಲ. ಇದಕ್ಕೆ ವಿರುದ್ಧವಾಗಿ ಯಾವ ಕರಾರಿದ್ದರೂ ನಡೆಯುವುದಿಲ್ಲ ಎಂದೂ ಅಲ್ಲೇ ಇದೆ. ಆಫರ್ ಲೆಟರ್‌ನ ಕೊನೇ ಪುಟದ ಸಣ್ಣ ಅಕ್ಷರ ತೋರಿಸಿದರೆ ಹೆದರಬೇಡಿ.

ಕಂಪನಿಯ ವಕೀಲರು 1872ರ ಕರಾರು ಕಾಯ್ದೆಯ 72ನೇ ಸೆಕ್ಷನ್ ಎತ್ತುತ್ತಾರೆ. ತಪ್ಪಾಗಿ ಬಂದ ಹಣವನ್ನು ಪಡೆದವರು ಹಿಂದಿರುಗಿಸಬೇಕು ಅನ್ನುವುದು ಅದರ ಸಾರ. ತಳ್ಳಿಹಾಕುವಂಥ ವಾದವಲ್ಲ. ಆದರೆ ಹಣ ಸೇರಿರುವುದು ಪಿಎಫ್ ಸಂಸ್ಥೆಗೆ. ತಪ್ಪು ಸರಿಪಡಿಸಿ ಎಂದು ಕಂಪನಿ ಅಲ್ಲಿ ಕೇಳಬೇಕೇ ಹೊರತು ನಿಮ್ಮ ಕೊನೇ ಸಂಬಳಕ್ಕೆ ಕೈ ಹಾಕುವುದಲ್ಲ ಅನ್ನುವುದು ನನ್ನ ನಿಲುವು. ನೀವು ಪಿಎಫ್ ಹಣ ಆಗಲೇ ಹಿಂಪಡೆದಿದ್ದರೆ ನಿಮ್ಮ ವಾದ ಸ್ವಲ್ಪ ದುರ್ಬಲವಾಗುತ್ತದೆ. ಬೇರೆ ನೌಕರನ ದುಡ್ಡು ನಿಮ್ಮ ಯುಎಎನ್‌ಗೆ (ಪಿಎಫ್ ಸದಸ್ಯರ ಗುರುತಿನ ಸಂಖ್ಯೆಗೆ) ಬಂದು ಕೂತಿದ್ದರಂತೂ ಕಥೆಯೇ ಬೇರೆ. ಅದನ್ನು ಮುಟ್ಟಬೇಡಿ, ಸರಿಪಡಿಸಲು ಸಹಕರಿಸಿ.

ಇದರ ಉಲ್ಟಾ ಕೇಸೂ ಬರುತ್ತದೆ. ನಿಮ್ಮ ಪಾಲು ಕಡಿಯಲು ಮರೆತು, ವರ್ಷದ ಬಾಕಿಯನ್ನೆಲ್ಲ ಒಂದೇ ತಿಂಗಳಲ್ಲಿ ಹಿಡಿಯುವುದು. ಅದೇ ಪಿಎಫ್ ಯೋಜನೆಯ 32ನೇ ಪ್ಯಾರಾ ಪ್ರಕಾರ ಆಯಾ ತಿಂಗಳ ಪಾಲನ್ನು ಆಯಾ ತಿಂಗಳ ಸಂಬಳದಿಂದಲೇ ಹಿಡಿಯಬೇಕು. ಗುಮಾಸ್ತರ ಕೈತಪ್ಪಿನಿಂದ ಬಿಟ್ಟುಹೋಗಿದ್ದರೆ, ಮುಂದಿನ ಸಂಬಳದಲ್ಲಿ ಹಿಡಿಯಲು ಪಿಎಫ್ ಇನ್‌ಸ್ಪೆಕ್ಟರ್‌ರ ಲಿಖಿತ ಒಪ್ಪಿಗೆ ಬೇಕು. ಆ ಪತ್ರ ತೋರಿಸಿ ಅಂತ ಕೇಳಿ.

ಏನೇ ಉತ್ತರ ಕೊಟ್ಟರೂ ಮೇಲ್‌ನಲ್ಲೇ ಕೊಡಿ, ಫೋನಿನಲ್ಲಿ "ಆಯ್ತು ಸಾರ್" ಅನ್ನಬೇಡಿ. ತಿಂಗಳುವಾರು ಲೆಕ್ಕ, ಕಟ್ಟಿದ ಚಲನ್‌ನ ಪ್ರತಿ, ಯಾವ ನಿಯಮದಡಿ ಕೇಳುತ್ತಿದ್ದೀರಿ ಅನ್ನುವ ವಿವರ ಕೇಳಿ. ಸೆಟಲ್‌ಮೆಂಟ್ ಶೀಟ್‌ಗೆ ಸಹಿ ಹಾಕಲೇಬೇಕಾದರೆ "ಪಿಎಫ್ ಕಡಿತಕ್ಕೆ ನನ್ನ ಒಪ್ಪಿಗೆ ಇಲ್ಲ" ಎಂದು ಕೈಯಲ್ಲಿ ಬರೆದು ಫೋಟೊ ತೆಗೆದುಕೊಳ್ಳಿ. ಆಮೇಲೂ ಕಡಿದರೆ ಪಿಎಫ್ ದೂರನ್ನು ಪಿಎಫ್ ಸಂಸ್ಥೆಯ ಆನ್‌ಲೈನ್ ದೂರು ಪೋರ್ಟಲ್ ಇಪಿಎಫ್‌ಐಜಿಎಂಎಸ್‌ನಲ್ಲಿ ಹಾಕಿ. ಸಂಬಳ ಹಿಡಿದ ದೂರು ಕಾರ್ಮಿಕ ಇಲಾಖೆಗೆ ಹೋಗಬೇಕು. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ ಗೊತ್ತೇ ಇದೆ, ಅಲ್ವಾ? ಹೋಗುವಾಗ ಪಾಸ್‌ಬುಕ್ ಪ್ರಿಂಟ್ ಮತ್ತು ಪೇಸ್ಲಿಪ್ ಜೊತೆಗಿರಲಿ. ಕಂಪನಿಯ ಮೇಲ್ ಐಡಿ ಬಂದ್ ಆಗುವ ಮೊದಲೇ ಪೇಸ್ಲಿಪ್‌ಗಳನ್ನು ಇಳಿಸಿಕೊಂಡಿರಿ.